ಹಿನ್ನೀರಿನ ದಡದಲ್ಲಿ ಆಷಾಢದ ಗಾಳಿ

ಗಾಳಿಪಟದ ದಾರ ಬೆರಳನ್ನು ಕೊಯ್ದ ಬಾಲ್ಯದ ದಿನಗಳಿಂದಲೂ ಆಷಾಢದ ಗಾಳಿಯನ್ನು ಬಲ್ಲೆನೆಂದು ನಾನು ಭಾವಿಸಿದ್ದೆ. ಆದರೆ ನಮ್ಮೂರು ಶಾಂತಿಗ್ರಾಮದ ಮನೆ, ಮರ, ಬೇಲಿಗಳಲ್ಲಿ ತನ್ನ ವೇಗವನ್ನು ಕಳೆದುಕೊಂಡು ಬರುವ ಆ ಗಾಳಿಗೂ, ಘಟ್ಟವನ್ನೇರಿ ಬಂದು ಹೇಮಾವತಿಯ ಹಿನ್ನೀರಿನ ಮೇಲೆ ಯಾವ ತಡೆಯೂ ಇಲ್ಲದೆ ಸಾಗಿ ದಡಕ್ಕಪ್ಪಳಿಸುವ ಗಾಳಿಗೂ ಇರುವ ಅಂತರವೆಷ್ಟೆಂಬುದು, ಜಲವರ್ಣದ ಸಲಕರಣೆಗಳನ್ನು ಹೊತ್ತು ಶೆಟ್ಟಿಹಳ್ಳಿಯಲ್ಲಿ ನಿಂತ ದಿನವೇ ನನಗೆ ಮನವರಿಕೆಯಾಯಿತು.

ಫ್ರೆಂಚ್ ಪಾದ್ರಿಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ ಅಲ್ಲಿನ ಇಗರ್ಜಿ, 1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ಣಗೊಂಡ ತರುವಾಯ ಜಲಾಶಯ ತುಂಬಿದಾಗ ನೀರಿನೊಳಗೆ ನಿಲ್ಲುವುದು, ಇಳಿದಾಗ ಒಣನೆಲದ ಮೇಲೆ ನಿಲ್ಲುವುದು. ಬೆಂಗಳೂರಿನಲ್ಲಿ ಕೆ. ವೆಂಕಟಪ್ಪನವರ ಉದಕಮಂಡಲದ ಜಲವರ್ಣಚಿತ್ರಗಳನ್ನು ಕಂಡಿದ್ದ ನನಗೆ, ಆ ಭಗ್ನ ಕಮಾನುಗಳ ಹಿಂದಣ ಆಕಾಶಕ್ಕೆ ಅಂತಹುದೇ ಮಾರ್ದವವನ್ನು ತರಬೇಕೆಂಬ ಹಂಬಲ. ದೊಡ್ಡ ಕಾಗದವನ್ನು ಒದ್ದೆ ಮಾಡಿ ನೀಲಿಯನ್ನು ಹರಿಯಬಿಟ್ಟೆ. ಕುಂಚ ನಡುವಿಗಿಳಿಯುವಷ್ಟರಲ್ಲಿ ಮೇಲಂಚು ಒಣಗಿ, ಆಕಾಶದ ಉದ್ದಕ್ಕೂ ಅಳಿಸಲಾಗದ ಗೆರೆಯೊಂದು ಮೂಡಿತು. ಮರುಕ್ಷಣವೇ ಈಸಲ್ ಉರುಳಿ ಕಾಗದ ಕೆಸರಿನಲ್ಲಿ ಕವುಚಿಬಿದ್ದಿತು. ಎಮ್ಮೆ ಮೇಯಿಸುತ್ತಿದ್ದ ವೃದ್ಧರೊಬ್ಬರು ಅದನ್ನೆತ್ತಿ ಕೊಡುತ್ತ, “ಹೊತ್ತೇರಿದ್ರೆ ಗಾಳಿ ಜಾಸ್ತಿ ಸ್ವಾಮಿ, ಹೊತ್ತಾರೆ ಬನ್ನಿ” ಎಂದರು.

ಅವರ ಮಾತಿನಂತೆ ಮರುವಾರ ಹೊತ್ತಾರೆಯೇ ಹೋಗಿ, ಈಸಲಿಗೆ ಕಲ್ಲು ತುಂಬಿದ ಚೀಲವನ್ನು ತೂಗಿಸಿ, ಇಗರ್ಜಿಯ ಗೋಡೆಯ ಮರೆಯಲ್ಲಿ ಕುಳಿತೆ. ಚಿತ್ರ ನಿರ್ವಿಘ್ನವಾಗಿ ಮುಗಿಯಿತು. ಆದರೆ ಮನೆಯಲ್ಲಿ ನೋಡಿದರೆ ಅದು ಯಾವ ಊರಿನ ಕೆರೆಯಾದರೂ ಆಗಬಹುದಿತ್ತು! ನನ್ನನ್ನು ಅಲ್ಲಿಗೆ ಸೆಳೆದ ಚೈತನ್ಯವನ್ನೇ ನಾನು ಗೋಡೆಯಾಚೆ ಬಿಟ್ಟು ಬಂದಿದ್ದೆ.

ಮೂರನೆಯ ಸಲ ಈಸಲನ್ನು ಒಯ್ಯಲಿಲ್ಲ. ಅಂಗೈಯಗಲದ ಕಾಗದವನ್ನು ಹಲಗೆಗೆ ನಾಲ್ಕೂ ಅಂಚಿನಲ್ಲಿ ಅಂಟಿಸಿ, ಬಯಲು ದಡದಲ್ಲೇ ನೆಲಕ್ಕೆ ಕುಳಿತು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರನ್ನೇ ದಿಟ್ಟಿಸತೊಡಗಿದೆ. ಬಲವಾದ ಗಾಳಿ ನಮ್ಮನ್ನು ಮುಟ್ಟುವ ಮೊದಲೇ ನೀರಿನ ಮೇಲೆ ಕರಿಯ ಛಾಯೆಯೊಂದು, ಮೈ ಜುಮ್ಮೆಂದಂತೆ ಸಣ್ಣ ಸಣ್ಣ ಸುಕ್ಕುಗಳನ್ನೆಬ್ಬಿಸುತ್ತ, ದಡದತ್ತ ಓಡಿಬರುವುದು. ಅದನ್ನು ಕಂಡೊಡನೆ ಕುಂಚವನ್ನೆತ್ತಿ ಹಲಗೆಯನ್ನು ಬಿಗಿಹಿಡಿಯುವುದು, ಅದು ದಾಟಿಹೋದ ಬಳಿಕ ಮುಂದುವರಿಸುವುದು. ಹೀಗೆ ಬಿಡುವು ದೊರೆತಾಗಲೆಲ್ಲ ನಾಲ್ಕಾರು ಗೀಟು ಎಳೆಯುತ್ತ ಹೋದಂತೆ, ನಾನು ನೀಲಿಯೆಂದೇ ನಂಬಿದ್ದ ನೀರಿನಲ್ಲಿ ಅಲೆಯ ಬೆನ್ನು ಬೂದಿಯ ಬಣ್ಣವೆಂದೂ, ತಗ್ಗು ಕೆಮ್ಮಣ್ಣು ಕದಡಿದ ಕಂದು ಬಣ್ಣವೆಂದೂ ಗೋಚರವಾಯಿತು. ಬೇಗ ಒಣಗುವ ಬಣ್ಣ, ಹಿಂದೆ ಶತ್ರುವೆನಿಸಿದ್ದು, ಈಗ ಅಲೆಯ ಹರಿತವಾದ ಅಂಚನ್ನು ತಾನಾಗಿಯೇ ಮೂಡಿಸಿಕೊಟ್ಟಿತು.

ಆ ಚಿತ್ರ ನನ್ನ ಮೇಜಿನ ಮೇಲೆ ಇಂದಿಗೂ ಇದೆ. ಬಣ್ಣ ಹಸಿಯಿದ್ದಾಗ ಬಂದು ಕುಳಿತ ಮರಳಿನ ಕಣಗಳು ಆಕಾಶದ ಬಲಮೂಲೆಯಲ್ಲಿ ಬೆರಳಿಗೆ ತಗಲುತ್ತವೆ; ಅವುಗಳನ್ನು ಉಜ್ಜಿ ತೆಗೆಯಲು ನನಗೆ ಮನಸ್ಸು ಬಂದಿಲ್ಲ.