ಹಾಳಿ ಯಾರ ಕೈಯಾಗ ಐತಿ?

ಶಹಾಪುರದಲ್ಲಿ ಅಡತಿ ಅಂಗಡಿ ಇಟ್ಟುಕೊಂಡು ಕೂತವನು ನಾನು. ಕಾನೂನು ಓದಿದವನಲ್ಲ. ಗೊತ್ತಾದ ನಾಲ್ಕು ಮಾತೂ ರೊಕ್ಕ ಕಳಕೊಂಡ ಮೇಲೆ ಗೊತ್ತಾದವೇ.

1. ರೊಕ್ಕ ಬರುವ ಮೊದಲು ರಸೀದಿ ಕೈಬಿಡಬಾರದು

ಎಂಬತ್ತರ ದಶಕದ ಮಾತು. ಯಾದಗಿರಿ ಸ್ಟೇಷನ್ನಿನಿಂದ ಹತ್ತಿ ಬೇಲು ಕಳಿಸಿದ್ದೆ. ರೈಲ್ವೆ ರಸೀದಿಯನ್ನು ಬ್ಯಾಂಕಿನ ಮೂಲಕ ಕಳಿಸಿದ್ದರೆ ವ್ಯಾಪಾರಿ ರೊಕ್ಕ ಕಟ್ಟಿಯೇ ಬಿಡಿಸಿಕೊಳ್ಳಬೇಕಿತ್ತು. ಕಮಿಷನ್ ಉಳಿಸುವ ಜಾಣತನ ಮಾಡಿ, ಬೆನ್ನಿಗೆ ಸಹಿ ಹಾಕಿ ನೇರ ಟಪಾಲಿಗೆ ಹಾಕಿದೆ. ವಾರದೊಳಗೆ ಆ ವ್ಯಾಪಾರಿ ದಿವಾಳಿ ಎದ್ದ ಸುದ್ದಿ ಬಂತು. ಮಾಲು ಇನ್ನೂ ದಾರಿಯಲ್ಲಿತ್ತು. ರೊಕ್ಕ ಬಾರದಿದ್ದರೆ ದಾರಿಯಲ್ಲೇ ಮಾಲು ತಡೆಯುವ ಹಕ್ಕು ಮಾರಿದವನಿಗಿದೆ ಎಂದು ಯಾರೋ ಹೇಳಿದ್ದು ನೆನಪಾಗಿ, ಸುರಪುರದ ವಕೀಲರೊಬ್ಬರ ಬಳಿ ಓಡಿದೆ. ಅವರು 1930ರ ಸರಕು ಮಾರಾಟ ಕಾಯ್ದೆಯ 53ನೇ ಕಲಂ ತೆರೆದರು. ವ್ಯಾಪಾರಿ ಆಗಲೇ ರಸೀದಿಯನ್ನು ಇನ್ನೊಬ್ಬನಿಗೆ ಮಾರಿದ್ದ; ಆ ಇನ್ನೊಬ್ಬ ಒಳಗಿನದೇನೂ ಅರಿಯದೆ ಪೂರ್ತಿ ರೊಕ್ಕ ಎಣಿಸಿದ್ದ. ಅಲ್ಲಿಗೆ ನನ್ನ ತಡೆಯುವ ಹಕ್ಕು ಮುಗಿಯಿತು. ಬರೀ ಅಡವಿಟ್ಟಿದ್ದರೆ, ಅಡವಿನ ಸಾಲ ತೀರಿ ಉಳಿದದ್ದಕ್ಕಾದರೂ ಕೈಯೊಡ್ಡಬಹುದಿತ್ತಂತೆ.

“ಬೇಲಿನ ಮ್ಯಾಲ ನಮ್ಮ ಅಂಗಡಿ ಗುರ್ತು ಐತ್ರೀ, ವಕೀಲ್ರ.”

“ಇರ್ಲಿ ಸಾವ್ಕಾರ್ರ, ಹಾಳಿ ಯಾರ ಕೈಯಾಗ ಐತಿ?”

2. ಮೊದಲು ಮುದ್ರೆ, ಆಮೇಲೆ ತೂಕ

ಮುಂದೊಮ್ಮೆ ರೈತನೊಬ್ಬನಿಂದ ನಲವತ್ತು ಚೀಲ ತೊಗರಿಯ ಉಗ್ರಾಣ ರಸೀದಿ ಕೊಂಡೆ. ತೂಕ, ದರ್ಜೆ ಎಲ್ಲ ಓದಿದೆ. ‘ವರ್ಗಾಯಿಸುವಂತಿಲ್ಲ’ ಎಂಬ ಮುದ್ರೆಯೊಂದನ್ನೇ ಬಿಟ್ಟೆ! ಅಂಥ ರಸೀದಿಯಲ್ಲಿ ಕೊಟ್ಟವನ ಹಕ್ಕಿಗಿಂತ ಹೆಚ್ಚಿನದೇನೂ ಕೊಂಡವನಿಗೆ ಸಿಗುವುದಿಲ್ಲ. ಗೋದಾಮಿನವರು ಹೆಸರಿದ್ದವನನ್ನೇ ಕರಕೊಂಡು ಬನ್ನಿ ಎಂದರು. ಅವನು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ಹೋಗಿಬರುವ ಬಸ್ ಚಾರ್ಜು, ಎರಡು ದಿನದ ಕೂಲಿ, ಊಟ, ಎಲ್ಲ ನನ್ನದೇ. ಬಂದವನು ಪಾಪ, ಒಂದು ಮಾತಾಡದೆ ಸಹಿ ಹಾಕಿದ.

3. ಗೋದಾಮಿನ ಬಾಕಿ ಕೇಳಿಕೊಂಡೇ ಕೊಳ್ಳಬೇಕು

ಬಾಡಿಗೆ ತೀರುವವರೆಗೆ ಮಾಲು ಹಿಡಿದಿಡುವ ಹಕ್ಕು ಗೋದಾಮಿನವರಿಗಿದೆ. ಲಾಭ ಎಂದುಕೊಂಡಿದ್ದು ಒಮ್ಮೆ ಪೂರ್ತಿ ಅಲ್ಲೇ ಕರಗಿತು.

4. ಪ್ರಿಂಟು ರಸೀದಿಯಲ್ಲ

ಉಗ್ರಾಣಗಳಿಗೆ 2007ರ ಕಾಯ್ದೆ ಬಂತು, 2010ರಲ್ಲಿ ಜಾರಿಯಾಯಿತು. 2017ರಿಂದ ವರ್ಗಾಯಿಸಬಹುದಾದ ರಸೀದಿಯೂ ಕಂಪ್ಯೂಟರಿನೊಳಗೇ ಹುಟ್ಟತೊಡಗಿತು. ಷೇರುಗಳ ಹಾಗೆ ಖಾತೆಯಿಂದ ಖಾತೆಗೆ ಹೋಗುತ್ತದೆ. ಮೊದಲ ಸಲ ಅಂಥದೊಂದು ಕೊಂಡಾಗ ಖಾತೆ ತೆರೆಯುವುದು ಬಿಟ್ಟು, ಮಾರಿದವನು ಕೊಟ್ಟ ಪ್ರಿಂಟನ್ನು ಪ್ಲಾಸ್ಟಿಕ್ ಹೊದಿಸಿ ಟ್ರಂಕಿನಲ್ಲಿಟ್ಟೆ. ಹಳೆಯ ಪೆಟ್ಟು ನೆನಪಿತ್ತಲ್ಲ, ಹಾಳಿ ನನ್ನ ಕೈಯಲ್ಲೇ ಇರಲಿ ಎಂದು. ಬೀಗದ ಕೈ ಉಡದಾರಕ್ಕೆ ಕಟ್ಟಿಕೊಂಡಿದ್ದೆ. ಲೆಕ್ಕ ಬರೆಯುವ ಹುಡುಗ ಅದನ್ನು ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದ.

“ಸಾವ್ಕಾರ್ರ, ಇದು ಬರೀ ಹಾಳಿ ರೀ.”