ಸ್ಟೆಂಟ್ ಹಾಕಿದವರು ಸಿಗಡಿ ತಿನ್ನಬಹುದೇ?

ಕುರ್ಲಾದಲ್ಲಿರುವ ನಮ್ಮ ಕರಾವಳಿಯವರು ಕೇಳುವ ಮೊದಲ ಪ್ರಶ್ನೆ: "ಡಾಕ್ಟ್ರೇ, ಇನ್ನು ಸಿಗಡಿ ಬಿಡಬೇಕಾ?" ಬಿಡಬೇಕಾಗಿಲ್ಲ.

ಸಿಗಡಿಯಲ್ಲಿ ಕೊಲೆಸ್ಟ್ರಾಲ್ ಇದೆ, ನಿಜ. ಆದರೆ ರಕ್ತದ ಕೆಟ್ಟ ಕೊಲೆಸ್ಟ್ರಾಲನ್ನು ಹೆಚ್ಚು ಏರಿಸುವುದು ಸ್ಯಾಚುರೇಟೆಡ್ ಕೊಬ್ಬು. ಅದು ಸಿಗಡಿಯಲ್ಲಿ ಬಹಳ ಕಡಿಮೆ, ಗಸಿಗೆ ಅರೆಯುವ ತೆಂಗಿನಕಾಯಿಯಲ್ಲಿ ಹೆಚ್ಚು. ಸಿಗಡಿ ಬಿಟ್ಟು ಒಣಮೀನು, ಉಪ್ಪಿನಕಾಯಿ ತಿನ್ನುತ್ತಿದ್ದರೆ ಏನು ಪ್ರಯೋಜನ?

ಪೆರು ದೇಶದವರು ತೆಂಗಿನಕಾಯಿ ಇಲ್ಲದೆ ಸಿಗಡಿಯ ದಪ್ಪ ಸೂಪ್ ಮಾಡುತ್ತಾರೆ. ಹೆಸರು ‘ಚೂಪೆ’. ಅವರ ಚೀಸ್ ಬಿಟ್ಟು, ನಾಲ್ಕು ಜನಕ್ಕೆ ಹೀಗೆ ಮಾಡಿ:

1. 400 ಗ್ರಾಂ ತಾಜಾ ಸಿಗಡಿ ಸುಲಿದು ಬೆನ್ನಿನ ಕಪ್ಪು ನಾರು ತೆಗೆಯಿರಿ. ತಲೆ, ಸಿಪ್ಪೆ ಎಸೆಯಬೇಡಿ; ತೊಳೆದು 15 ನಿಮಿಷ ಕುದಿಸಿ ಸೋಸಿ. ರುಚಿ ಇದರಲ್ಲೇ ಇದೆ, ಉಪ್ಪು ಕಡಿಮೆ ಸಾಕು.
2. 2 ಚಮಚ ಶೇಂಗಾ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಬ್ಯಾಡಗಿ ಮೆಣಸಿನ ಪುಡಿ ಬಾಡಿಸಿ.
3. ಸೋಸಿದ ನೀರು, ಆಲೂಗಡ್ಡೆ, ಸಿಹಿಗುಂಬಳ, ಮೆಕ್ಕೆಜೋಳ ಹಾಕಿ ಬೇಯಿಸಿ.
4. ಕೊನೆಗೆ ಸಿಗಡಿ, 3–4 ನಿಮಿಷ ಸಾಕು. ಉರಿ ಆರಿಸಿ ಅರ್ಧ ಕಪ್ ಕೆನೆ ತೆಗೆದ ಹಾಲು ಬೆರೆಸಿ. ಮೀನಿನ ಜೊತೆ ಹಾಲು ಬೇಡ ಎನ್ನುವವರು ಬಿಡಬಹುದು.

ಉಪ್ಪು ಅರ್ಧ ಟೀ ಚಮಚ ಮೀರದಿರಲಿ. ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಮಿತಿ.

ಸಿಗಡಿ ಅಲರ್ಜಿ ಇದ್ದವರು ಮುಟ್ಟಬೇಡಿ. ಕಿಡ್ನಿ ತೊಂದರೆ ಇದ್ದವರು ನಿಮ್ಮ ವೈದ್ಯರನ್ನು ಕೇಳಿ. ಪಥ್ಯ ಮಾಡುತ್ತೇವೆಂದು ಮಾತ್ರೆ ನಿಲ್ಲಿಸಬೇಡಿ.

ಊಟವಾದ ಮೇಲೆ ಎದೆ ಬಿಗಿದು ಬೆವರು ಬಂದರೆ ‘ಗ್ಯಾಸ್’ ಎಂದು ಸೋಡಾ ಕುಡಿದು ಕೂರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಮನೆಯ ಹಿರಿಯರಿಗೂ ಇದನ್ನು ಓದಿ ಹೇಳಿ.