ಕರೆಂಟು ಹೋಗಿ ಬಂದ ಮೇಲೆ

ಮೂಡುಬಿದಿರೆ, ಉಜಿರೆ ಕಡೆಯ ಹುಡುಗರು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಅಣ್ಣಾ, ಲಿನಕ್ಸ್ ಸರ್ಟಿಫಿಕೇಟ್ ಮಾಡಿದ್ರೆ ಕೆಲಸ ಸಿಗ್ತದಾ?" ನನಗಾದದ್ದನ್ನೇ ಹೇಳುತ್ತೇನೆ.

ಬಿಸಿಎ ಮುಗಿಸಿದ ವರ್ಷ, ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಒಂದು ಲಿನಕ್ಸ್ ತರಬೇತಿ ಕೇಂದ್ರಕ್ಕೆ ಸೇರಿದೆ. ನೌಕರಿ ಗ್ಯಾರಂಟಿ ಎಂದಿದ್ದರು. ಅಲ್ಲಿ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದರು, ಪರೀಕ್ಷೆ ಪಾಸಾದೆ. ಮಂಗಳೂರಿನ ಮೊದಲ ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಸರ್ವರ್‌ನ ಡಿಸ್ಕ್ ತುಂಬಿದೆ. ದೊಡ್ಡ ಲಾಗ್ ಫೈಲ್ ಅಳಿಸಿದಿರಿ. ಆದರೂ ಜಾಗ ಖಾಲಿಯಾಗಲಿಲ್ಲ. ಯಾಕೆ?" ನನ್ನ ಬಾಯಿ ಕಟ್ಟಿತು. ಓಡುತ್ತಿರುವ ಪ್ರೋಗ್ರಾಂ ಆ ಫೈಲನ್ನು ಇನ್ನೂ ತೆರೆದಿಟ್ಟುಕೊಂಡಿದ್ದರೆ, ಹೆಸರು ಅಳಿಸಿದರೂ ಜಾಗ ಬಿಡುಗಡೆಯಾಗುವುದಿಲ್ಲ. ಆ ಪ್ರೋಗ್ರಾಂ ರೀಸ್ಟಾರ್ಟ್ ಮಾಡಬೇಕು. ಇದು ತಿಳಿದದ್ದು ಆಮೇಲೆ.

ಸಿದ್ಧಕಟ್ಟೆಯ ಮನೆಗೆ ಮರಳಿ, ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡೆ. ಮಳೆಗಾಲ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ಒಂದು ಸಂಜೆ ಹೊಸ ಪಾರ್ಟಿಷನ್ ಮಾಡಿ, ಮೌಂಟ್ ಮಾಡಿ, ಫೈಲುಗಳನ್ನು ಇಟ್ಟೆ. ಗುಡುಗಿತು, ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ಫೋಲ್ಡರ್ ಖಾಲಿ! ಫೈಲುಗಳು ಡಿಸ್ಕಿನಲ್ಲೇ ಇದ್ದವು; ಬೂಟ್ ಆಗುವಾಗ ಏನನ್ನು ಮೌಂಟ್ ಮಾಡಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಸಾಲು ಬರೆಯದಿದ್ದುದರಿಂದ ಪಾರ್ಟಿಷನ್ ತಾನಾಗಿ ಮೌಂಟ್ ಆಗಿರಲಿಲ್ಲ. ಸಾಲು ಬರೆದೆ, ಒಂದಕ್ಷರ ತಪ್ಪಿತು. ಮರುದಿನ ಲ್ಯಾಪ್‌ಟಾಪ್ ಎಮರ್ಜೆನ್ಸಿ ಮೋಡ್‌ನಲ್ಲಿ ಹೋಗಿ ನಿಂತಿತು. ರೂಟ್ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು ಆ ಅಕ್ಷರ ಹುಡುಕಿ ತಿದ್ದುವಾಗ ರಾತ್ರಿ ಹನ್ನೊಂದು. ಅವತ್ತು ಕಲಿತದ್ದು ಇವತ್ತಿಗೂ ಮರೆತಿಲ್ಲ.

ಮರುವರ್ಷ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಪರೀಕ್ಷೆಗೆ ಕೂತೆ. ಅಲ್ಲಿ ಗುರುತು ಹಾಕುವ ಪ್ರಶ್ನೆಗಳಿಲ್ಲ. ಯಂತ್ರ ಕೊಟ್ಟು ಕೆಲಸ ಹೇಳುತ್ತಾರೆ. ಮಾಡಿದ್ದು ರೀಬೂಟ್ ಆದ ಮೇಲೂ ಉಳಿದಿರಬೇಕು. 300ಕ್ಕೆ 210 ಬಂದರೆ ಪಾಸು. ನಮ್ಮೂರ ಮಳೆ ನನ್ನನ್ನು ಅದಕ್ಕೇ ತಯಾರು ಮಾಡಿತ್ತು.

ಪಾಸಾಗಿ ಸಿಕ್ಕ ಆ ಸರ್ಟಿಫಿಕೇಟ್‌ನಿಂದ ಆದ ಉಪಕಾರ ಇಷ್ಟು: ಕ್ಯಾಂಪಸ್ ಸೆಲೆಕ್ಷನ್ ಇಲ್ಲದ ಕಾಲೇಜಿನಿಂದ ಬಂದ ನನ್ನ ಅರ್ಜಿಯನ್ನು ಯಾರೋ ತೆಗೆದು ಓದಿದರು. ಸಂದರ್ಶನದ ಕೋಣೆಯೊಳಗೆ ಅದರ ಮಾತೇ ಬರಲಿಲ್ಲ. ಅಲ್ಲಿ ನನ್ನನ್ನು ಕಾಪಾಡಿದ್ದು ಆ ಲ್ಯಾಪ್‌ಟಾಪ್.

ಹಾಗಾಗಿ ನನ್ನ ಸಲಹೆ: ಹೊಸಬರು ಮೊದಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಲಿನಕ್ಸ್ ಪಾಠ ನೋಡಿ. ಉಚಿತ, ಕನ್ನಡದಲ್ಲೂ ಇದೆ. ಇನ್ನೊಂದು ಲಿನಕ್ಸ್ ಸರ್ಟಿಫಿಕೇಟ್ ಆದ ಎಲ್‌ಪಿಐಸಿ-1ಕ್ಕೆ ತಲಾ 60 ಪ್ರಶ್ನೆಯ ಎರಡು ಪರೀಕ್ಷೆ, ಐದು ವರ್ಷ ಮಾನ್ಯತೆ. ಓದಿಗೆ ಒಂದು ಕ್ರಮ ಬೇಕೆನ್ನುವವರಿಗೆ ಅದರ ಪಠ್ಯಕ್ರಮ ಒಳ್ಳೆಯದು. ದುಡ್ಡು ಹಾಕುವುದು ಒಂದಕ್ಕೇ ಎಂದಾದರೆ ಆರ್‌ಎಚ್‌ಸಿಎಸ್‌ಎಯಂಥ ಕೈಕೆಲಸದ ಪರೀಕ್ಷೆಗೇ ಹಾಕಿ. ಆರ್‌ಎಚ್‌ಸಿಎಸ್‌ಎ ಮಾನ್ಯತೆ ಮೂರೇ ವರ್ಷ, ಶುಲ್ಕ ಹತ್ತು ಸಾವಿರ ದಾಟುತ್ತದೆ. ಆದ್ದರಿಂದ ಕೆಲಸ ಹುಡುಕಲು ಹೊರಡುವ ಹೊತ್ತಿಗೆ ಬರೆಯಿರಿ. ಸಾಲ ಮಾಡಿ ಕೋಚಿಂಗ್‌ಗೆ ಸೇರಬೇಡಿ.

ಶುಲ್ಕ ಕಟ್ಟುವ ಮುಂಚೆ ಒಂದು ಹಳೆಯ ಕಂಪ್ಯೂಟರಿನಲ್ಲಿ ಕೆಲಸ ಮಾಡಿ, ರೀಬೂಟ್ ಮಾಡಿ ನೋಡಿ. ಮಾಡಿದ್ದೆಲ್ಲ ಹಾಗೇ ಉಳಿದಿದ್ದರೆ ಧೈರ್ಯವಾಗಿ ಕಟ್ಟಿ. ಉಳಿಯದಿದ್ದರೆ ಇನ್ನೊಂದು ತಿಂಗಳು ಕೂತು ಕಲಿಯಿರಿ.